ಬ್ರಾಕೆಟ್ಟಿನೊಳಗೆ ಬ್ರಾಕೆಟ್ಟು ಬೇಡ ಅನ್ನುವವರಿಗೆ

ಬಹಳ ದಿನದಿಂದ ಇತ್ತ ತಲೆ ಹಾಕಿರಲಿಲ್ಲ. ಬರೆಯಲು ವಿಷಯ ಇಲ್ಲ ಅಂತಲ್ಲ, ಅಪ್ಪಟ ಸೋಮಾರಿತನ. ಇವತ್ತು ಮಾತ್ರ ಸಿಟ್ಟು ಬಂದಿದೆ. ಸಿಟ್ಟು ಬಂದಾಗ ಕೂತು ಕುಟ್ಟಿಬಿಡಬೇಕು, ಆರಿಹೋದರೆ ಮತ್ತೆ ಆರು ತಿಂಗಳು. ಟೆಕ್ಕಿ ಕೊರೆತ ನಮಗ್ಯಾಕೆ ಅನ್ನುವವರು ಒಂದೆರಡು ಪ್ಯಾರಾ ತಡೆದುಕೊಳ್ಳಿ. ಆಮೇಲೆ ಊರು, ಹೊಳೆ, ಮನುಷ್ಯರು ಎಲ್ಲ ಬರುತ್ತಾರೆ :-)

ವಿಷಯ ಇಷ್ಟು. ಕಳೆದ ವಾರ ನಮ್ಮ ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬರೆದ ಕೋಡ್ ಪರಿಶೀಲನೆಗೆ ಬಂತು. ದೊಡ್ಡದೊಂದು ಎಕ್ಸ್‌ಎಂಎಲ್ ಕಡತದಿಂದ ಬೇಕಾದ ಭಾಗಗಳನ್ನಷ್ಟೇ ಆರಿಸುವ ಕೆಲಸ. ಅದಕ್ಕೆ ಆಕೆ ಎಕ್ಸ್‌ಪಾಥ್‌ನಲ್ಲಿ ಕಂಡೀಶನ್ನಿನೊಳಗೆ ಕಂಡೀಶನ್ ಹಾಕಿದ್ದಳು. ಸರಿಯಾಗೇ ಇತ್ತು. ಹಿರಿಯರೊಬ್ಬರು ಕೆಳಗೆ ಷರಾ ಬರೆದರು: 'ಬ್ರಾಕೆಟ್ಟಿನೊಳಗೆ ಬ್ರಾಕೆಟ್ ಬೇಡ. ಓದೋಕಾಗಲ್ಲ. ಎರಡೂ ಕಂಡೀಶನ್ ಪಕ್ಕಪಕ್ಕ ಬರೆದು ನಡುವೆ ಆಂಡ್ ಹಾಕಿ.' ಹುಡುಗಿ ಪಾಪ ತಿದ್ದಿದಳು. ಟೆಸ್ಟ್ ಪಾಸೂ ಆಯಿತು, ಯಾಕೆಂದರೆ ಟೆಸ್ಟಿಗೆ ಇಟ್ಟಿದ್ದ ಕಡತದಲ್ಲಿ ಪ್ರತಿ ಗುಂಪಿಗೂ ಒಂದೊಂದೇ ಐಟಂ ಇತ್ತು. ನಿಜವಾದ ಕಡತದಲ್ಲಿ ಹತ್ತಿಪ್ಪತ್ತು ಇರುತ್ತವೆ. ನಾನು ಜಗಳ ತೆಗೆದೆ, ಸೋತೆ. 'ನಿಮ್ಮದು ಪಂಡಿತರ ವಾದ, ನಮಗೆ ಓದೋಕೆ ಸುಲಭ ಇರಬೇಕು' ಅಂದರು.

ಪಂಡಿತರ ವಾದವಂತೆ! ನಾನು ಈ ಪಾಠ ಕಲಿತದ್ದು ಪುಸ್ತಕದಿಂದಲ್ಲ ಮಾರಾಯ್ರೆ, ಜಮಖಂಡಿ ತಾಲೂಕಿನ ಹೊಳೆದಂಡೆಯಲ್ಲಿ.

2019ರ ಆಗಸ್ಟ್. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹೊಡೆದು ಕೃಷ್ಣೆ ತುಂಬಿ ಬಂದಿದ್ದಳು. ಜಮಖಂಡಿ, ರಬಕವಿ-ಬನಹಟ್ಟಿ ಕಡೆ ಕೃಷ್ಣಾ, ಮುಧೋಳದ ಕಡೆ ಘಟಪ್ರಭಾ, ಇನ್ನೂ ಕೆಳಗೆ ಮಲಪ್ರಭಾ. ಇಡೀ ಬಾಗಲಕೋಟೆ ಜಿಲ್ಲೆ ನೀರಿನಲ್ಲಿ ನಿಂತ ಹಾಗಿತ್ತು. ನಾನು ಆಗಷ್ಟೇ ಇಂಜಿನಿಯರಿಂಗ್ ಮುಗಿಸಿದ್ದೆ. ಊರಿಗೆ ಹೋದವನು ಗೆಳೆಯರ ಜೊತೆ ಗಂಜಿ ಕೇಂದ್ರದ ಕೆಲಸಕ್ಕೆ ನಿಂತೆ. ಕಬ್ಬಿನ ಗದ್ದೆಯಲ್ಲಿ ಎದೆಮಟ್ಟ ನೀರು, ಜನ ಶಾಲೆಯಲ್ಲಿ, ಗುಡಿಯಲ್ಲಿ, ಎತ್ತರದಲ್ಲಿದ್ದ ನೆಂಟರ ಮನೆಗಳಲ್ಲಿ. ಯಾರು ಎಲ್ಲಿದ್ದಾರೆ, ಯಾರಿಗೆ ಏನು ಬೇಕು ಅನ್ನುವ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. 'ನೀ ಕಂಪ್ಯೂಟರ್ ಕಲ್ತಾಂವ ಅದಿ, ಒಂದು ಪಟ್ಟಿ ಮಾಡಿಕೊಡಪಾ' ಅಂದರು. ಮಾಡಿದೆ.

ಓಪನ್ ಡೇಟಾ ಕಿಟ್ ಅಂತ ಒಂದು ಮುಕ್ತ ತಂತ್ರಾಂಶ ಇದೆ. 2008ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ಫೋನಿನಲ್ಲಿ ಫಾರ್ಮ್ ತುಂಬಬಹುದು, ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ, ಸಿಗ್ನಲ್ ಸಿಕ್ಕಾಗ ಕಳಿಸಿದರಾಯಿತು. ತುಂಬಿದ ಪ್ರತಿಯೊಂದು ಫಾರ್ಮೂ ಒಂದು ಎಕ್ಸ್‌ಎಂಎಲ್ ಕಡತ. ಮನೆ ಒಂದು, ಅದರೊಳಗೆ ಸದಸ್ಯರು ಎಷ್ಟು ಜನವೋ ಅಷ್ಟು ಸಲ ಅದೇ ಪ್ರಶ್ನೆಗಳು. ಎಲ್ಲವನ್ನೂ ಕೂಡಿಸಿದರೆ ಹೀಗಿರುತ್ತದೆ (ನಮ್ಮ ಫಾರ್ಮಿನಲ್ಲಿ ಹೆಸರುಗಳು ಇಂಗ್ಲಿಷಿನಲ್ಲಿದ್ದವು, ಇಲ್ಲಿ ಕನ್ನಡ ಮಾಡಿದ್ದೇನೆ. ಎಕ್ಸ್‌ಎಂಎಲ್‌ನಲ್ಲಿ ಟ್ಯಾಗಿನ ಹೆಸರು ಕನ್ನಡದಲ್ಲೇ ಇಡಬಹುದು, 1998ರ ಮೊದಲ ಆವೃತ್ತಿಯಿಂದಲೂ. ನಮ್ಮಲ್ಲಿ ಎಷ್ಟು ಜನ ಇಟ್ಟು ನೋಡಿದ್ದಾರೋ!):

<ಮನೆ>
<ಸದಸ್ಯ><ವಯಸ್ಸು>71</ವಯಸ್ಸು><ಕಾಯಿಲೆ>ಇಲ್ಲ</ಕಾಯಿಲೆ></ಸದಸ್ಯ>
<ಸದಸ್ಯ><ವಯಸ್ಸು>44</ವಯಸ್ಸು><ಕಾಯಿಲೆ>ಸಕ್ಕರೆ</ಕಾಯಿಲೆ></ಸದಸ್ಯ>
</ಮನೆ>

ಮೂರನೆಯ ದಿನವೋ ನಾಲ್ಕನೆಯ ದಿನವೋ ಡಾಕ್ಟರೊಬ್ಬರು ಬರಲು ಒಪ್ಪಿದರು. ಅವರಿಗಿದ್ದದ್ದು ಅರ್ಧ ದಿನ. 'ನಡೆದಾಡೋರು ಶಾಲೆಗೆ ಬರಲಿ. ಅರವತ್ತು ದಾಟಿದ ಶುಗರ್ ಪೇಷಂಟ್ ಇರೋ ಮನೆಗೆ ನಾನೇ ಹೋಗ್ತೀನಿ, ಕೊಳಚೆ ನೀರಲ್ಲಿ ನಿಂತ ಕಾಲು ನೋಡಬೇಕು' ಅಂದರು. ಸಕ್ಕರೆ ಕಾಯಿಲೆಯವರಿಗೆ ಕಾಲಿನ ಗಾಯ ಗೊತ್ತೇ ಆಗುವುದಿಲ್ಲ, ಗೊತ್ತಾಗುವಷ್ಟರಲ್ಲಿ ಕೊಳೆತಿರುತ್ತದೆ. ನಾನು ಹುಮ್ಮಸ್ಸಿನಲ್ಲಿ ಹೀಗೆ ಬರೆದೆ ('ಮತ್ತು' ಅಂತ ಇರುವಲ್ಲೆಲ್ಲ ನೀವು ಇಂಗ್ಲಿಷಿನ ಆಂಡ್ ಓದಿಕೊಳ್ಳಿ):

//ಮನೆ[ಸದಸ್ಯ/ವಯಸ್ಸು > 60 ಮತ್ತು ಸದಸ್ಯ/ಕಾಯಿಲೆ = "ಸಕ್ಕರೆ"]

ನೋಡಲು ಎಷ್ಟು ಚೆಂದ ಇದೆ ನೋಡಿ. ಒಂದೇ ಬ್ರಾಕೆಟ್ಟು, ಪಕ್ಕಪಕ್ಕ ಎರಡು ಕಂಡೀಶನ್. ನಮ್ಮ ಹಿರಿಯರು ಮೆಚ್ಚುವಂಥದ್ದು. ಮೇಲಿನ ಮನೆಯನ್ನು ಇದು ಆರಿಸುತ್ತದೋ ಇಲ್ಲವೋ ಹೇಳಿ. ಆರಿಸುತ್ತದೆ! ಎಪ್ಪತ್ತೊಂದರ ಅಜ್ಜ ಗಟ್ಟಿಮುಟ್ಟಾಗಿದ್ದಾನೆ, ಸಕ್ಕರೆ ಇರುವುದು ನಲವತ್ನಾಲ್ಕರ ಮಗನಿಗೆ. 'ಅರವತ್ತು ದಾಟಿದ ಯಾರೋ ಒಬ್ಬರು ಇದ್ದಾರಾ? ಇದ್ದಾರೆ. ಸಕ್ಕರೆ ಇರುವ ಯಾರೋ ಒಬ್ಬರು ಇದ್ದಾರಾ? ಇದ್ದಾರೆ.' ಅಷ್ಟೇ ಅದು ಕೇಳಿದ್ದು. ಇಬ್ಬರೂ ಒಬ್ಬರೇನಾ ಅಂತ ನಾನು ಕೇಳಲೇ ಇಲ್ಲ. ಕೇಳಬೇಕಿದ್ದದ್ದು ಹೀಗೆ:

//ಮನೆ[ಸದಸ್ಯ[ವಯಸ್ಸು > 60 ಮತ್ತು ಕಾಯಿಲೆ = "ಸಕ್ಕರೆ"]]

ಒಳಗಿನ ಬ್ರಾಕೆಟ್ಟು ಒಬ್ಬೊಬ್ಬ ಸದಸ್ಯನ ಹತ್ತಿರ ನಿಂತು ಎರಡೂ ಪ್ರಶ್ನೆ ಕೇಳುತ್ತದೆ. ಹೊರಗಿನದು, ಅಂಥವರು ಒಬ್ಬರಾದರೂ ಇರುವ ಮನೆಯನ್ನು ಕೊಡುತ್ತದೆ. ಇಷ್ಟೇ ವ್ಯತ್ಯಾಸ.

ನನ್ನ ಪಟ್ಟಿ ಉದ್ದವಾಯಿತು. ಉದ್ದವಾದಾಗ ನನಗೆ ಅನುಮಾನ ಬರಬೇಕಿತ್ತು, ಬದಲಿಗೆ 'ಎಷ್ಟು ಜನ ಇದ್ದಾರೆ ನೋಡಿ ಸರ್' ಅಂತ ಹೆಮ್ಮೆಯಿಂದ ತೋರಿಸಿದೆ. ಡಾಕ್ಟರು ಮನೆ ಮನೆಗೆ ಹೋದರು. 'ನನಗೇನೂ ಇಲ್ರಿ ಸಾಹೇಬ್ರ, ನನ್ನ ಮಗಗ ಐತಿ, ಅಂವ ಸಾಲಿಗೆ ಹೋಗ್ಯಾನ ನಿಮ್ಮನ್ನ ಕಾಣಾಕ' ಅನ್ನುವ ಮಾತು ಮತ್ತೆ ಮತ್ತೆ. ಸಂಜೆ ಆಯಿತು, ಕತ್ತಲಾಗುವ ಮೊದಲು ಅವರು ಹೊರಡಲೇಬೇಕಿತ್ತು. ಪಟ್ಟಿಯ ತುದಿಯಲ್ಲಿ ಉಳಿದ ಮನೆಗಳಲ್ಲಿ ಒಂದು, ತೋಟದ ಮನೆಯಿಂದ ಎದ್ದು ಬಂದು ತಂಗಿಯ ಮನೆಯಲ್ಲಿದ್ದ ಒಬ್ಬ ಆಯಿಯದು. ಮರುದಿನ ನಾನು ಅಕ್ಕಿ ಕೊಡಲು ಹೋದಾಗ ಕೇಳಿದಳು, 'ಡಾಕ್ಟರ್ ಬರ್ತಾರಂತ ಹೇಳಿ ಹೋದ್ಯಲ್ಲೋ ತಮ್ಮಾ, ಎಲ್ಲಿ ಬರಲೇ ಇಲ್ಲ?' ಬಟ್ಟೆ ಸುತ್ತಿಕೊಂಡಿದ್ದ ಕಾಲು ತೋರಿಸಿದಳು. ಜಮಖಂಡಿಗೆ ಒಯ್ದರು. ಆಮೇಲೆ ಎರಡು ಬೆರಳು ತೆಗೆಯಬೇಕಾಯಿತು.

ಹಿಂದಿನ ದಿನವೇ ಡಾಕ್ಟರು ನೋಡಿದ್ದರೆ ಬೆರಳು ಉಳಿಯುತ್ತಿತ್ತೇ? ನಾನು ಹೇಳಲಾರೆ, ಗಾಯ ಮೊದಲೇ ಆಗಿತ್ತು. ಆದರೆ ಪಟ್ಟಿ ಸರಿ ಇದ್ದಿದ್ದರೆ ಅವರು ಆ ಮನೆಗೆ ಮಧ್ಯಾಹ್ನದೊಳಗೆ ಮುಟ್ಟುತ್ತಿದ್ದರು ಅನ್ನುವುದು ಖಂಡಿತ. ಆ ರಾತ್ರಿ ಕೂತು ಪಟ್ಟಿ ನೋಡಿದಾಗ ತಪ್ಪು ಸಿಕ್ಕಿತು. ತಿದ್ದಲು ಹಿಡಿದದ್ದು ಅರ್ಧ ನಿಮಿಷ.

ಈಗ ಹೇಳಿ, 'ಓದೋಕಾಗಲ್ಲ' ಅನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೋ ಇಲ್ಲವೋ?

ಓದಲು ಆಗುವುದಿಲ್ಲ ಅನ್ನುವುದೇ ಸುಳ್ಳು, ಅದರಲ್ಲೂ ಕನ್ನಡದವರಿಗೆ. 'ಅರವತ್ತು ದಾಟಿದ ಸಕ್ಕರೆ ಕಾಯಿಲೆಯವರು ಇರುವ ಮನೆ' ಅನ್ನಿ. 'ಅರವತ್ತು ದಾಟಿದವರೂ ಸಕ್ಕರೆ ಕಾಯಿಲೆಯವರೂ ಇರುವ ಮನೆ' ಅನ್ನಿ. ಎರಡೂ ಒಂದೇ ಅಂತ ಯಾವ ಕನ್ನಡಿಗನಾದರೂ ಹೇಳಿಯಾನೇ? ಒಂದನೆಯ ಕ್ಲಾಸಿನ ಹುಡುಗನೂ ಹೇಳಲಾರ. ಮೊದಲನೆಯದು ಬ್ರಾಕೆಟ್ಟಿನೊಳಗಿನ ಬ್ರಾಕೆಟ್ಟು, ಎರಡನೆಯದು ಪಕ್ಕಪಕ್ಕದ್ದು. ದಾಟಿದ, ಇರುವ, ಬಂದ, ಹೋಗುವ ಅಂತ ಒಂದರೊಳಗೊಂದು ಪೋಣಿಸಿ ಕೊನೆಗೆ ಹೆಸರು ಹೇಳುವುದೇ ನಮ್ಮ ವಾಕ್ಯದ ಜಾಯಮಾನ. 'ನಿನ್ನೆ ಬಂದ ಹುಡುಗ ತಂದ ಪುಸ್ತಕ ಇಟ್ಟ ಕಪಾಟು' ಅಂದರೆ ನಮಗೆ ಗೊಂದಲವೇ ಆಗುವುದಿಲ್ಲ. ಡಾಕ್ಟರು ಬಾಯಲ್ಲಿ ಹೇಳಿದ್ದೂ ಮೊದಲನೆಯದನ್ನೇ. ಅದನ್ನು ಎರಡನೆಯದಾಗಿ ಬರೆದವನು ನಾನು. ಹಾಗಾಗಿ ನನ್ನ ಸಲಹೆ: ಕಂಡೀಶನ್ ಬರೆಯುವ ಮೊದಲು ಕನ್ನಡದಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಿ. ನಗಬೇಡಿ, ನಾನು ಈಗಲೂ ಹಾಗೇ ಮಾಡುತ್ತೇನೆ.

ಎಕ್ಸ್‌ಪಾಥ್ ಇಲ್ಲಿ ಕಳ್ಳಾಟ ಆಡುತ್ತಿಲ್ಲ. 1999ರ ನವೆಂಬರಿನಲ್ಲಿ ಬಂದ ಮೊದಲ ಆವೃತ್ತಿಯಲ್ಲೇ ಇದನ್ನು ಬರೆದಿಟ್ಟಿದ್ದಾರೆ: ಎಡಗಡೆ ಹಲವು ಅಂಶಗಳಿದ್ದರೆ, ಅವುಗಳಲ್ಲಿ ಒಂದಾದರೂ ಹೊಂದಿದರೆ ಸಾಕು, ಹೋಲಿಕೆ ನಿಜ. ಈ 'ಒಂದಾದರೂ' ಅನ್ನುವುದು ಇನ್ನೊಂದು ಕಡೆಯೂ ಕಾಲೆಳೆಯುತ್ತದೆ. ದುಡಿಯುವವರು ಯಾರೂ ಇಲ್ಲದ ಮನೆಗಳ ಪಟ್ಟಿ ಬೇಕು ಅಂದುಕೊಳ್ಳಿ. ಇದನ್ನು ಹಾಕಿದರೆ:

//ಮನೆ[ಸದಸ್ಯ/ದುಡಿಮೆ != "ಇದೆ"]

ತೊಟ್ಟಿಲಲ್ಲಿ ಕೂಸಿರುವ ಎಲ್ಲ ಮನೆಯೂ ಬರುತ್ತದೆ. ದುಡಿಯದ ಒಬ್ಬರು ಇದ್ದರೆ ಸಾಕಲ್ಲ! ಬೇಕಾದದ್ದು, 'ದುಡಿಮೆ = ಇದೆ' ಅನ್ನುವುದನ್ನು ಪೂರ್ತಿ ನಾಟ್ ಒಳಗೆ ಹಾಕುವುದು. 'ದುಡಿಯದವರು ಇರುವ ಮನೆ' ಬೇರೆ, 'ದುಡಿಯುವವರು ಇಲ್ಲದ ಮನೆ' ಬೇರೆ. ಮತ್ತೆ ಕನ್ನಡಕ್ಕೇ ಬಂದೆ ನೋಡಿ.

ಇದು ನಮ್ಮಂಥ ಬ್ಲಾಗಿಗರಿಗೂ ತಟ್ಟುವ ವಿಷಯ. ಬ್ಲಾಗರ್‌ನಿಂದ ವರ್ಷಗಟ್ಟಲೆ ಹಿಂದೆ ಇಳಿಸಿಟ್ಟ ಬ್ಯಾಕಪ್ ಕಡತ ನಿಮ್ಮ ಹತ್ತಿರ ಇದ್ದರೆ ತೆಗೆದು ನೋಡಿ, ಅದೂ ಎಕ್ಸ್‌ಎಂಎಲ್ಲೇ. ಅದರಲ್ಲಿ ನಿಮ್ಮ ಬರಹ, ಬೇರೆಯವರ ಕಮೆಂಟು, ಟೆಂಪ್ಲೇಟು, ಸೆಟ್ಟಿಂಗು ಎಲ್ಲಕ್ಕೂ ಎಂಟ್ರಿ ಅನ್ನುವ ಒಂದೇ ಟ್ಯಾಗು. ಯಾವುದು ಯಾವುದು ಅನ್ನುವುದು ಒಳಗಿನ ಕ್ಯಾಟಗರಿ ಟ್ಯಾಗಿನಲ್ಲಿ. ನೀವು ಹಾಕಿದ ಲೇಬಲ್ಲುಗಳೂ ಕ್ಯಾಟಗರಿಗಳೇ, ಅಂದರೆ ಒಂದು ಎಂಟ್ರಿಗೆ ಹಲವು. ಒಳಗಿನ ಬ್ರಾಕೆಟ್ಟಿಲ್ಲದೆ ಇದನ್ನು ನಂಬಿಕೆಯಿಂದ ಬಿಡಿಸಲಾಗದು. ಗೆಳೆಯನೊಬ್ಬ ತನ್ನ ಬ್ಲಾಗನ್ನು ಪುಸ್ತಕ ಮಾಡಲು ಹೊರಟು, ಮುಗಿಸದ ಡ್ರಾಫ್ಟುಗಳನ್ನು ಬಿಡಬೇಕು ಅಂತ 'ಡ್ರಾಫ್ಟ್ ಹೌದಲ್ಲ' ಅನ್ನುವುದನ್ನು ಆಶ್ಚರ್ಯಚಿಹ್ನೆ ಮತ್ತು ಸಮಚಿಹ್ನೆ ಹಾಕಿ ಬರೆದ. ಒಂದೇ ಒಂದು ಬರಹ ಬರಲಿಲ್ಲ! ಯಾಕೆಂದರೆ ಪ್ರಕಟವಾದ ಬರಹದಲ್ಲಿ ಡ್ರಾಫ್ಟ್ ಅನ್ನುವ ಟ್ಯಾಗೇ ಇರುವುದಿಲ್ಲ, ಇಲ್ಲದ್ದನ್ನು ಯಾವುದಕ್ಕೆ ಹೋಲಿಸುವುದು? ಹತ್ತು ವರ್ಷ ಬರೆದದ್ದೆಲ್ಲ ಮಾಯವಾಯಿತು ಅಂತ ಪಾಪ ರಾತ್ರಿ ಹನ್ನೊಂದಕ್ಕೆ ಫೋನು :-)

ಬ್ರಾಕೆಟ್ಟುಗಳ ಸರದಿಯೂ ಲೆಕ್ಕಕ್ಕೆ ಬರುತ್ತದೆ. ಇವೆರಡನ್ನು ನೋಡಿ:

ಮನೆ/ಸದಸ್ಯ[1][ಲಿಂಗ = "ಹೆಣ್ಣು"]
ಮನೆ/ಸದಸ್ಯ[ಲಿಂಗ = "ಹೆಣ್ಣು"][1]

ಮೊದಲನೆಯದು: ಮನೆಯಲ್ಲಿ ಮೊದಲು ಬರೆಸಿದವರು ಹೆಣ್ಣಾಗಿದ್ದರೆ ಅವರು. ಎರಡನೆಯದು: ಮನೆಯ ಹೆಣ್ಣುಮಕ್ಕಳಲ್ಲಿ ಮೊದಲನೆಯವರು. ನಮ್ಮ ಕಡೆ ಹೆಸರು ಬರೆಸುವಾಗ ಮೊದಲು ಯಜಮಾನನದು. ಅವನು ದುಡಿಯಲು ಗೋವಾಕ್ಕೋ ರತ್ನಾಗಿರಿಗೋ ಹೋಗಿ ವರ್ಷವಾಗಿದ್ದರೂ ಮೊದಲು ಅವನದೇ. ಹೆಣ್ಣುಮಕ್ಕಳಿಗೆ ಕೊಡುವ ಕಿಟ್ಟಿಗೆ ಮೊದಲನೆಯ ಸಾಲು ಬಳಸಿದರೆ ಬಹುತೇಕ ಮನೆಗಳು ಹಾರಿಹೋಗುತ್ತವೆ. ಪುಣ್ಯಕ್ಕೆ ಈ ತಪ್ಪು ನಾನು ಮಾಡಲಿಲ್ಲ. ಅದು ಜಾಣತನವಲ್ಲ, ಅಷ್ಟರೊಳಗೆ ಪೆಟ್ಟು ತಿಂದಿದ್ದೆ.

ಊರಿನ ಹೆಸರಿನ ಗೋಳು ಬೇರೆ. ರಬಕವಿ-ಬನಹಟ್ಟಿ ತಾಲೂಕಾದದ್ದು 2018ರಲ್ಲಿ. ಮರುವರ್ಷದ ಪ್ರವಾಹದಲ್ಲಿ ಜನ ಇನ್ನೂ 'ತಾಲೂಕು ಜಮಖಂಡಿರಿ' ಅಂತಲೇ ಬರೆಸುತ್ತಿದ್ದರು, 2011ರ ಜನಗಣತಿಯ ಪಟ್ಟಿಯಲ್ಲೂ ಹಾಗೇ ಇತ್ತು. ಬರೀ ತಾಲೂಕಿನ ಹೆಸರು ನೋಡಿ ಆರಿಸಿದರೆ ಅರ್ಧ ಊರು ಆಚೆ, ಅರ್ಧ ಈಚೆ. ಇನ್ನು ಬೀಳಗಿ, ಮುಧೋಳ ಬರೆಯುವುದನ್ನು ಕೇಳಲೇಬೇಡಿ. ಯುನಿಕೋಡಿನಲ್ಲಿ ಬೀಳಗಿಯ 'ಬೀ'ಯ ಗುಡಿಸಿನ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಬೇರೆ ದೀರ್ಘ ಬೇರೆ ಮಾಡಿ ಎರಡಾಗಿಯೂ ಬರೆಯಬಹುದು. ಮುಧೋಳದ 'ಧೋ' ಇನ್ನೂ ಮಜಾ, ಒಂದು ಸಂಕೇತ ಅಥವಾ ಮೂರು. ಕಣ್ಣಿಗೆ ಎರಡೂ ಒಂದೇ. ಎಕ್ಸ್‌ಪಾಥ್‌ನ ಸಮಚಿಹ್ನೆಗೆ ಬೇರೆ ಬೇರೆ! ಹಳೆಯ ಫಾಂಟುಗಳಿಂದ ಪರಿವರ್ತಿಸಿದ ಕಡತಗಳಲ್ಲಿ ಇಂಥದ್ದನ್ನು ನಾನೇ ನೋಡಿದ್ದೇನೆ. 2007ರ ಎರಡನೆಯ ಆವೃತ್ತಿಯಲ್ಲಿ ಇದನ್ನು ಸಮ ಮಾಡುವ ಫಂಕ್ಷನ್ ಇದೆ, ಆದರೆ ಬ್ರೌಸರುಗಳಲ್ಲೂ ಲಿಬ್‌ಎಕ್ಸ್‌ಎಂಎಲ್‌ನಲ್ಲೂ ಇರುವುದು ಇವತ್ತಿಗೂ ಮೊದಲನೆಯ ಆವೃತ್ತಿಯೇ. ಮೊದಲೇ ಕಡತವನ್ನು ಒಂದೇ ರೂಪಕ್ಕೆ ತಂದುಕೊಂಡರೆ ತಲೆನೋವಿಲ್ಲ.

ಎದುರಿನವರ ಮಾತಿನಲ್ಲಿ ಹುರುಳೇ ಇಲ್ಲ ಅಂತಲ್ಲ. ನಾಲ್ಕೈದು ಮಟ್ಟ ಒಳಗಿಳಿದ ಬ್ರಾಕೆಟ್ಟು ನನಗೂ ಓದಲು ಆಗುವುದಿಲ್ಲ. ಅಲ್ಲಿ ಸದಸ್ಯರನ್ನು ಮೊದಲು ಆರಿಸಿ, ಅವರಿಂದ ಮೇಲೆ ಮನೆಗೆ ಹತ್ತುವುದು ಒಳ್ಳೆಯದು. ಒಳಗಿನ ಬ್ರಾಕೆಟ್ಟಿನಲ್ಲಿ ಜೋಡಿ ಓರೆಗೆರೆ ಹಾಕಿದರೆ ದೊಡ್ಡ ಕಡತದಲ್ಲಿ ಗಂಟೆಗಟ್ಟಲೆ ತಿರುಗುತ್ತದೆ, ಅದನ್ನು ಬೇಡ ಅನ್ನಿ, ಒಪ್ಪುತ್ತೇನೆ. ಎಕ್ಸೆಲ್ ಪ್ರಿಯರೂ ಒಬ್ಬೊಬ್ಬ ಸದಸ್ಯನಿಗೆ ಒಂದೊಂದು ಸಾಲು ಇಟ್ಟರೆ ಸರಿಯಾದ ಉತ್ತರವೇ ಸಿಗುತ್ತದೆ. ಆದರೆ ಹಾಗೆ ಇಡುವವರು ಎಷ್ಟು ಜನ? ಮನೆಗೆ ಒಂದೇ ಸಾಲು, 'ಹಿರಿಯರು ಇದ್ದಾರೆಯೇ: ಹೌದು', 'ಸಕ್ಕರೆ ಕಾಯಿಲೆ: ಹೌದು'. ಯಾರಿಗೆ ಅನ್ನುವುದು ಅಲ್ಲಿಗೆ ಸತ್ತಿತು. ಆಮೇಲೆ ಯಾವ ಬ್ರಾಕೆಟ್ಟು ಹಾಕಿದರೂ ವಾಪಸ್ ಬರುವುದಿಲ್ಲ.

'ಲೂಪ್ ಹಾಕಿ ಇಫ್ ಬರೀರಿ' ಅನ್ನುವವರಿಗೆ: ಸ್ವಾಮಿ, ಮನೆಯ ಲೂಪಿನೊಳಗೆ ಸದಸ್ಯರ ಲೂಪು, ಅದರೊಳಗೆ ಇಫ್. ಇದು ಒಳಗಿನ ಬ್ರಾಕೆಟ್ಟಲ್ಲದೆ ಮತ್ತೇನು? ಒಂದು ಸಾಲಿನದ್ದನ್ನು ಹತ್ತು ಸಾಲು ಮಾಡಿದಿರಿ ಅಷ್ಟೇ.

'ಎಕ್ಸ್‌ಎಂಎಲ್ ಸತ್ತು ಎಷ್ಟು ವರ್ಷ ಆಯ್ತು, ಈಗೆಲ್ಲ ಜೇಸನ್' ಅನ್ನುವವರಿಗೆ: ನೀವು ಬರೆಯುವ ವರ್ಡ್ ಕಡತದ ಹೊಟ್ಟೆಯಲ್ಲಿ ಎಕ್ಸ್‌ಎಂಎಲ್ ಇದೆ, ಇ-ಪುಸ್ತಕದಲ್ಲಿದೆ, ಬ್ಲಾಗಿನ ಫೀಡಿನಲ್ಲಿದೆ. ಮಹಾಲಿಂಗಪುರದ ಬೆಲ್ಲದ ಅಡತಿ ಅಂಗಡಿಯಲ್ಲಿ ಟ್ಯಾಲಿ ಇದ್ದರೆ ಅದಕ್ಕೂ ಎಕ್ಸ್‌ಎಂಎಲ್ ಮಾತಾಡಲು ಬರುತ್ತದೆ. ಇರಲಿ, ಜೇಸನ್ನೇ ಆಗಲಿ. ಅದರಲ್ಲಿ ಆರಿಸಲು ಜೇಸನ್‌ಪಾಥ್ ಅಂತ ಮಾಡಿ, 2024ರ ಫೆಬ್ರವರಿಯಲ್ಲಿ ಅಧಿಕೃತ ಮಾನಕವನ್ನೂ ಹೊರತಂದರು. ಬಿಚ್ಚಿ ನೋಡಿದರೆ ಅಲ್ಲೂ ಫಿಲ್ಟರಿನೊಳಗೆ ಫಿಲ್ಟರು! ಮನೆಯೊಳಗೆ ಮನುಷ್ಯರು ಇರುವವರೆಗೆ ಅದು ಹೋಗುವುದಿಲ್ಲ.

ಆ ಆಯಿ ಈಗಲೂ ಇದ್ದಾಳೆ. ಮೊನ್ನೆ ಸಂಕ್ರಾಂತಿಗೆ ಊರಿಗೆ ಹೋದಾಗ ಸಿಕ್ಕಿದ್ದಳು, ಪ್ಲಾಸ್ಟಿಕ್ ಚಪ್ಪಲಿ ಹಾಕಿಕೊಂಡು ಸ್ವಲ್ಪ ಓರೆಯಾಗಿ ನಡೆಯುತ್ತಾಳೆ. 'ಇನ್ನೂ ಆ ಪಟ್ಟಿ ಮಾಡೂ ಕೆಲಸಾನ ಮಾಡ್ತೀಯೇನೋ ತಮ್ಮಾ?' ಅಂತ ಕೇಳಿದಳು. ಹೌದು ಆಯಿ ಅಂದೆ. ಸಜ್ಜೆ ರೊಟ್ಟಿ ಕಟ್ಟಿಕೊಟ್ಟಳು.

ಆಫೀಸಿನ ಆ ಕೋಡ್ ಇನ್ನೂ ಬಿಡುಗಡೆ ಆಗಿಲ್ಲ. ಪ್ರತಿ ಗುಂಪಿಗೂ ಎರಡೆರಡು ಐಟಂ ಇರುವ ಹೊಸ ಟೆಸ್ಟ್ ಕಡತವೊಂದನ್ನು ನಿನ್ನೆ ರಾತ್ರಿ ಕೂತು ಮಾಡಿದ್ದೇನೆ. ಸೋಮವಾರ ಬೆಳಿಗ್ಗೆ ಸೇರಿಸುತ್ತೇನೆ, ಕೆಂಪು ಬರುತ್ತದೆ, ಮತ್ತೆ ಜಗಳ. ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ. ಅಷ್ಟರೊಳಗೆ ನಿಮ್ಮಲ್ಲಿ ಯಾರಿಗಾದರೂ ಇಂಥದ್ದೇ ಪೆಟ್ಟು ಬಿದ್ದಿದ್ದರೆ ಕೆಳಗೆ ಕಮೆಂಟಿಸಿ, ಜಗಳಕ್ಕೆ ಸಾಮಾನು ಬೇಕು!